ಕೋರ್ಟ್ ಸೀನಿಗೆ ಶಿಳ್ಳೆ ಹೊಡೆದ ಮೇಲೆ

'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ' ಒಳ್ಳೆಯ ಸಿನಿಮಾ. ಇದನ್ನು ಮೊದಲೇ ಹೇಳಿಬಿಡ್ತೀನಿ. ಮುಂದೆ ಬರೆಯೋದನ್ನು ಓದಿ ಇವನಿಗೆ ಸಿನಿಮಾ ಹಿಡಿಸಿಲ್ಲ ಅಂತ ಯಾರೂ ಅಂದುಕೊಳ್ಳಬಾರದು. 2018ರ ಆಗಸ್ಟ್‌ನಲ್ಲಿ ಅದು ಬಿಡುಗಡೆಯಾದ ವಾರವೇ ಮಹದೇವಪುರದ ಮಾಲ್‌ನಲ್ಲಿ ನೋಡಿದ್ದೆ. ನಮ್ಮ ಆಫೀಸಿನ ಕನ್ನಡ ಗುಂಪು ಒಂದು ಸಾಲಿಗೆ ಸಾಲೇ ಬುಕ್ ಮಾಡಿತ್ತು. ಅನಂತ್ ನಾಗ್ ಕೋರ್ಟಿನಲ್ಲಿ ಬಾಯಿ ತೆಗೆದ ಮೇಲೆ ಥಿಯೇಟರಿನಲ್ಲಿ ಶಿಳ್ಳೆ ನಿಲ್ಲಲೇ ಇಲ್ಲ. ಅತ್ಯುತ್ತಮ ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂದಾಗ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಎರಡು ದಿನ ಹಬ್ಬ.

ಮೊನ್ನೆ ಮತ್ತೆ ನೋಡಿದೆ. ಈ ಸಲ ಟಿನ್ ಫ್ಯಾಕ್ಟರಿಯ ನಮ್ಮ ಬಾಡಿಗೆ ಮನೆಯಲ್ಲಿ, ಲ್ಯಾಪ್‌ಟಾಪಿನಲ್ಲಿ. ಪಕ್ಕದಲ್ಲಿ ನನ್ನ ರೂಮ್‌ಮೇಟ್. ಅವನು ಮಲಯಾಳಿ, ವಯನಾಡಿನ ಮಾನಂದವಾಡಿ ಕಡೆಯವನು, ಅವನಮ್ಮ ಅಲ್ಲೇ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ಸಬ್‌ಟೈಟಲ್ ಹಾಕಿಕೊಂಡು ನೋಡಿದ. ಮಲಯಾಳಿ ಮೇಷ್ಟ್ರ ತಮಾಷೆಗಳಿಗೆ ನನಗಿಂತ ಜಾಸ್ತಿ ನಕ್ಕಿದ್ದು ಅವನೇ. ಮುಗಿದ ಮೇಲೆ ಕೋಪವೂ ಮಾಡಿಕೊಳ್ಳಲಿಲ್ಲ, ವಾದಕ್ಕೂ ಬರಲಿಲ್ಲ. ಒಂದು ಪ್ರಶ್ನೆ ಕೇಳಿದ ಅಷ್ಟೆ: "ನಿಮ್ಮ ಕಡೆ ಕಾಟ್ಟುನಾಯ್ಕರ ಮಕ್ಕಳಿಗೆ ಯಾರು ಪಾಠ ಮಾಡೋದು?"

ಕಾಟ್ಟುನಾಯ್ಕರು ಅನ್ನೋದು ಅತ್ತಲಿನ ಹೆಸರು. ಅವರಿಗೆ ತೀರಾ ಹತ್ತಿರದ ನಂಟಿನ ಜನರನ್ನು ಇತ್ತ ಹುಣಸೂರು, ಎಚ್.ಡಿ. ಕೋಟೆ ಕಡೆ ನಾವು ಜೇನುಕುರುಬರು ಅಂತೀವಿ. ನಮ್ಮೂರು ಹುಣಸೂರು ತಾಲ್ಲೂಕಿನದು. "ಕನ್ನಡ ಮೇಷ್ಟ್ರು" ಅಂದೆ. "ಅವರಿಗೆ ಆ ಮಕ್ಕಳ ಮಾತು ಬರುತ್ತಾ?" ಅಂದ. ಬರಲ್ಲ. ಬರಬೇಕು ಅಂತ ಯಾರೂ ಕೇಳಿಯೂ ಇಲ್ಲ. "ಹಂಗಾದ್ರೆ ಈ ಪಿಕ್ಚರ್ ನಿಮ್ಮೂರಲ್ಲೂ ತೆಗೀಬೋದಿತ್ತು" ಅಂತ ಹೇಳಿ ಚಾರ್ಜರ್ ಹುಡುಕಿಕೊಂಡು ಎದ್ದುಹೋದ.

ಈ ಬರಹ ಅಲ್ಲಿಂದ ಹುಟ್ಟಿದ್ದು.

ಮೊದಲು ಸಿನಿಮಾ ಏನು ಸಾಧಿಸಿದೆ ಅಂತ ನೋಡೋಣ. ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ನಮಗೆ ಬರಬೇಕು ಅಂತ 1967ರಲ್ಲಿ ಮಹಾಜನ ವರದಿ ಹೇಳಿತು. ಬರಲಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು ಬದುಕಿದಷ್ಟು ದಿನ ಅದನ್ನೇ ಹೇಳುತ್ತಾ ಹೋದರು. ಈ ಇಡೀ ಚರಿತ್ರೆಯನ್ನು ಭಾಷಣ ಮಾಡಿ ಹೇಳಿದ್ದರೆ ನಮ್ಮ ಐಟಿ ಹುಡುಗರು ಯಾರೂ ಕೇಳುತ್ತಿರಲಿಲ್ಲ. ರಿಷಬ್ ಶೆಟ್ಟಿ ಅದನ್ನೊಂದು ತರಗತಿಯ ಕೋಣೆಯೊಳಗೆ ಇಳಿಸಿದರು. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬರ್ತಾರೆ. ಅವರು ಹೇಳೋದು ಒಂದು, ಮಕ್ಕಳಿಗೆ ಕೇಳಿಸೋದು ಇನ್ನೊಂದು. ಆ ಮಕ್ಕಳ ಮುಖದ ಮೇಲಿನ ಗಲಿಬಿಲಿ ನೋಡಿದರೆ ಸಾಕು, ಭಾಷೆ ಗೊತ್ತಿಲ್ಲದ ಮೇಷ್ಟ್ರ ಎದುರು ಕೂರೋದು ಎಂಥ ಶಿಕ್ಷೆ ಅಂತ ಅರ್ಥವಾಗುತ್ತೆ. ಇಷ್ಟು ಸರಳವಾಗಿ ಇದನ್ನು ತೋರಿಸಿದ ಕನ್ನಡ ಸಿನಿಮಾ ನನಗೆ ಇನ್ನೊಂದು ಗೊತ್ತಿಲ್ಲ. ಅದು ಕಟ್ಟುಕತೆಯೂ ಅಲ್ಲ. ಇಂಥ ನೇಮಕಗಳ ವಿರುದ್ಧ ಕಾಸರಗೋಡಿನ ಮಕ್ಕಳು, ತಂದೆತಾಯಿ ನಿಜಕ್ಕೂ ಬೀದಿಗೆ ಇಳಿದಿದ್ದಾರೆ.

ಆದರೆ ಎರಡನೇ ಸಲ ನೋಡುವಾಗ ನನ್ನ ಕಣ್ಣು ಮಕ್ಕಳ ಮೇಲಿಗಿಂತ ಆ ಮೇಷ್ಟ್ರ ಮೇಲೆ ನಿಂತಿತು. ಸಿನಿಮಾಕ್ಕೆ ಅವರು ಬೇಕಾಗಿರೋದು ಎರಡೇ ಕೆಲಸಕ್ಕೆ: ನಗಿಸೋದಕ್ಕೆ, ಆಮೇಲೆ ತೊಲಗೋದಕ್ಕೆ. ಅವರಿಗೂ ಒಂದು ಕಥೆ ಇರಬಹುದಲ್ವಾ? ಪರೀಕ್ಷೆ ಪಾಸು ಮಾಡಿ, ರ‍್ಯಾಂಕ್ ಪಟ್ಟಿಯಲ್ಲಿ ಹೆಸರು ಬಂದು, ಆರ್ಡರ್ ಕೈಗೆ ಸಿಕ್ಕಿ, ಬಸ್ಸು ಹತ್ತಿ ಬಂದವರು. ನೀವು ಹೋಗೋ ಕಡೆ ಮಕ್ಕಳು ಯಾವ ಭಾಷೆ ಆಡ್ತಾರೆ ಅಂತ ಯಾವ ತರಬೇತಿಯಲ್ಲೂ ಅವರಿಗೆ ಹೇಳಿಲ್ಲ. ಸಿನಿಮಾದ ವಾದ 'ಇವರನ್ನು ತೆಗೀರಿ, ನಮ್ಮವರನ್ನು ಕೊಡಿ' ಅನ್ನೋದು. ಮೇಷ್ಟ್ರು ಕಲಿಯಬಹುದಿತ್ತಾ, ಕಲಿಸಬೇಕಾದವರು ಯಾರು ಅನ್ನೋ ಪ್ರಶ್ನೆ ಅದರ ಹತ್ತಿರ ಸುಳಿಯೋದಿಲ್ಲ.

ಇನ್ನೊಂದು ವಿಷಯ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ಅಲ್ಲಿನವರೇ ಹೆಮ್ಮೆಯಿಂದ ಹೇಳಿಕೊಳ್ತಾರೆ. ಅಲ್ಲಿ ಕನ್ನಡ ಶಾಲೆಗೆ ಬರುವ ಎಷ್ಟೋ ಮಕ್ಕಳ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಮರಾಟಿ. ಕೊರಗರೂ ಅಲ್ಲಿದ್ದಾರೆ, ಅವರದ್ದೇ ನುಡಿ ಇಟ್ಟುಕೊಂಡು. ಆ ಮಗುವಿಗೆ ಕನ್ನಡ ಮೇಷ್ಟ್ರೂ ಒಂದು ಹೆಜ್ಜೆ ದೂರದವರೇ. ಸಿನಿಮಾ ಕನ್ನಡ ಮತ್ತು ಮಲಯಾಳ ಅಂತ ಎರಡೇ ಬಣ್ಣದಲ್ಲಿ ಚಿತ್ರ ಬರೆಯಿತು. ಹೋರಾಟಕ್ಕೆ ಎರಡು ಬಣ್ಣ ಬೇಕು, ಒಪ್ಪೋಣ. (ಇದೇ ನಿರ್ದೇಶಕರು ಆಮೇಲೆ 'ಕಾಂತಾರ'ದಲ್ಲಿ ಕಾಡಿನ ಜನರ ಹತ್ತಿರ ಹೋದರು. ಅಲ್ಲಿ ದೈವ ಇತ್ತು, ಫಾರೆಸ್ಟ್ ಆಫೀಸರ್ ಇದ್ದ, ಧಣಿ ಇದ್ದ. ಮೇಷ್ಟ್ರಿಗೆ ಆ ಕಥೆಯಲ್ಲಿ ಕೆಲಸ ಇರಲಿಲ್ಲ.)

ಈಗ ನಮ್ಮ ಕಡೆಗೆ ಬರೋಣ. ಕೇಂದ್ರ ಸರ್ಕಾರ 'ವಿಶೇಷವಾಗಿ ದುರ್ಬಲ' ಅಂತ ಗುರುತಿಸಿರುವ ಬುಡಕಟ್ಟುಗಳಲ್ಲಿ ಕರ್ನಾಟಕದವು ಎರಡು: ಜೇನುಕುರುಬರು, ಕೊರಗರು. 2011ರ ಜನಗಣತಿಯಲ್ಲಿ ರಾಜ್ಯದ ಪರಿಶಿಷ್ಟ ಪಂಗಡದವರು ಸುಮಾರು 42 ಲಕ್ಷ. ಅದರಲ್ಲಿ ಜೇನುಕುರುಬರು ಸುಮಾರು 36 ಸಾವಿರ, ಕೊರಗರು 14 ಸಾವಿರ ಚಿಲ್ಲರೆ. ಚಾಮರಾಜನಗರ ಕಡೆಯ ಸೋಲಿಗರು 33 ಸಾವಿರದ ಆಸುಪಾಸು. ಇವರನ್ನೆಲ್ಲ ಕೂಡಿಸಿದರೂ ನಮ್ಮ ಕೆ.ಆರ್. ಪುರ ಕ್ಷೇತ್ರದ ಮತದಾರರ ಪಟ್ಟಿಯ ಮುಂದೆ ಒಂದು ಮೂಲೆಗೆ ಬರ್ತಾರೆ. ಅವರ ಮಕ್ಕಳಿಗಾಗಿ ಹಾಡಿಗಳ ಹತ್ತಿರ ಆಶ್ರಮ ಶಾಲೆಗಳಿವೆ. ಊಟ, ವಸತಿ ಅಲ್ಲೇ. ಕಟ್ಟಡ ಇದೆ, ಬಿಸಿಯೂಟ ಇದೆ, ಸಮವಸ್ತ್ರ ಇದೆ. ಮೇಷ್ಟ್ರುಗಳಲ್ಲಿ ಅತಿಥಿ ಶಿಕ್ಷಕರೇ ಬಹಳ. ಅಲ್ಲಿಗೆ ಮೇಷ್ಟ್ರಾಗಿ ಹೋಗೋರಿಗೆ ಆ ಮಕ್ಕಳ ನುಡಿ ಗೊತ್ತಿರಬೇಕು ಅನ್ನೋ ನಿಯಮ ಇಲ್ಲ.

ಕಾಸರಗೋಡಿಗಿಂತ ಇದು ಕಷ್ಟದ ಪ್ರಕರಣ ಅಂತ ನನಗನ್ನಿಸೋದು ಒಂದು ಕಾರಣಕ್ಕೆ. ಕಾಸರಗೋಡಿನ ಮಗುವಿಗೆ, ತಂದೆತಾಯಿಗೆ, ಕೊನೆಗೆ ಆ ಮಲಯಾಳಿ ಮೇಷ್ಟ್ರಿಗೂ ಒಂದು ಮಾತು ಸ್ಪಷ್ಟ: ಇವು ಎರಡು ಬೇರೆ ಭಾಷೆ. ಹಾಗಾಗಿ ಜಗಳ ಆಡಬಹುದು, ಕೋರ್ಟಿಗೆ ಹೋಗಬಹುದು, ಸಿನಿಮಾ ತೆಗೆಯಬಹುದು. ಜೇನುಕುರುಬರ ಮಾತು, ಸೋಲಿಗರ ಮಾತು ಕನ್ನಡಕ್ಕೆ ಹತ್ತಿರ. ಅವು ಬೇರೆ ಭಾಷೆಯೋ ಉಪಭಾಷೆಯೋ ಅನ್ನೋದನ್ನು ವಿದ್ವಾಂಸರು ವಾದ ಮಾಡಿಕೊಳ್ಳಲಿ. ತರಗತಿಯಲ್ಲಿ ಆಗೋದು ಏನಂದರೆ, ಮೇಷ್ಟ್ರ ಕಿವಿಗೆ ಅದು ಇನ್ನೊಂದು ನುಡಿ ಅಂತ ಬೀಳೋದೇ ಇಲ್ಲ, ಕೆಟ್ಟ ಕನ್ನಡ ಅಂತ ಬೀಳುತ್ತೆ. ಇನ್ನೊಂದು ನುಡಿ ಅಂತ ಅನ್ನಿಸಿದ್ದರೆ ಅವರು ಕಲಿಯಲು ಹೊರಡುತ್ತಿದ್ದರೇನೋ. ಕೆಟ್ಟ ಕನ್ನಡ ಅನ್ನಿಸಿದ್ದಕ್ಕೆ ತಿದ್ದಲು ಹೊರಡ್ತಾರೆ. ಜನಗಣತಿಯವರೂ ಹಾಗೇ ಮಾಡ್ತಾರೆ: ಭಾಷೆಗಳ ಪಟ್ಟಿಯಲ್ಲಿ 'ಕುರುಬ/ಕುರುಂಬ' ಅನ್ನೋದು ಕನ್ನಡದ ಕೆಳಗೆ ಸೇರಿದೆ, ಬಡಗದ ಜೊತೆಗೆ. ಕೊಡಗಿನ ಯರವರ ಮಾತು ಮಲಯಾಳದ ಕೆಳಗಿದೆ. ಆ ಲೆಕ್ಕದಲ್ಲಿ ಜೇನುಕುರುಬರ ಮಗು ಕನ್ನಡದ ಮಗು. ಕನ್ನಡದ ಮಗುವಿಗೆ ಕನ್ನಡ ಮೇಷ್ಟ್ರು ಸಿಕ್ಕಿದ ಮೇಲೆ ದೂರು ಎಲ್ಲಿಂದ ಬರಬೇಕು?

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಓದಿದವರಿಗೆಲ್ಲ ಈ ತಿದ್ದುವಿಕೆಯ ಸಣ್ಣ ರುಚಿ ಗೊತ್ತು. ನಮಗೆ ಹಾಲು ಆಲು, ಹೂವು ಊವು. 'ಹ' ಅಂತ ಬಾಯಲ್ಲಿ ಬರೋವರೆಗೆ ಕೈ ಮೇಲೆ ಸ್ಕೇಲು ಬೀಳ್ತಿತ್ತು. ಆದರೆ ನಮ್ಮ ಮೇಷ್ಟ್ರೂ ಮನೆಯಲ್ಲಿ 'ಆಲು' ಅಂತಲೇ ಅನ್ನೋರು. ನಾವು ಎಲ್ಲಿಂದ ಬಂದವರು ಅಂತ ಅವರಿಗೆ ಗೊತ್ತಿತ್ತು. ನಮ್ಮ ಕ್ಲಾಸಿನ ಕೊನೇ ಸಾಲಲ್ಲಿ ಹಾಡಿಯ ಮೂರು ಹುಡುಗರು ಕೂರುತ್ತಿದ್ದರು. ಅವರಿಗೆ ಸ್ಕೇಲೂ ಬೀಳ್ತಿರಲಿಲ್ಲ. ಅವರನ್ನು ಯಾರೂ ಏನೂ ಕೇಳ್ತಾನೇ ಇರಲಿಲ್ಲ. ಐದನೇ ಕ್ಲಾಸಿನ ಹೊತ್ತಿಗೆ ಮೂವರೂ ಇರಲಿಲ್ಲ. 'ಕಾಡು ಕರೀತು, ಓದ್ರು' ಅನ್ನೋದು ಊರಿನ ವಿವರಣೆ. ಕಾಡು ಕರೆಯಿತಾ, ಶಾಲೆ ಕಳಿಸಿತಾ ಅಂತ ಯಾರೂ ವಿಚಾರಿಸಿದ್ದು ನನಗೆ ನೆನಪಿಲ್ಲ.

ಕಾನೂನಿಗೆ ಬರಗಾಲ ಇಲ್ಲ. ಭಾಷಾವಾರು ಪ್ರಾಂತ್ಯ ಆದ ಅದೇ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಲು ರಾಜ್ಯಗಳು ಪ್ರಯತ್ನಿಸಬೇಕು ಅನ್ನುತ್ತೆ ಅದು. ಕಾಸರಗೋಡಿನ ಕನ್ನಡಿಗರ ಕೈಲಿರೋ ದೊಡ್ಡ ಆಯುಧ ಅದೇ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಆದಷ್ಟು ಮಟ್ಟಿಗೆ ತಾಯ್ನುಡಿಯಲ್ಲಿ ಅಂತ ಹೇಳುತ್ತೆ. ನಮ್ಮ ಸರ್ಕಾರವಂತೂ 1994ರಲ್ಲೇ ಒಂದರಿಂದ ನಾಲ್ಕನೇ ತರಗತಿವರೆಗೆ ಮಾಧ್ಯಮ ಮಾತೃಭಾಷೆ ಅಥವಾ ಕನ್ನಡ ಇರಬೇಕು ಅಂತ ಆದೇಶ ಹೊರಡಿಸಿ, ಅದನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದವರೆಗೂ ಎಳೆದುಕೊಂಡು ಹೋಗಿ, 2014ರ ಮೇ 6ರಂದು ಸೋತು ಬಂತು. ಮಗು ತಾಯ್ನುಡಿಯಲ್ಲೇ ಚೆನ್ನಾಗಿ ಕಲಿಯುತ್ತೆ ಅಂತ ಇಪ್ಪತ್ತು ವರ್ಷ ಕೋರ್ಟುಗಳಲ್ಲಿ ವಾದಿಸಿದ ರಾಜ್ಯ ಇದು. ಆ ವಾದವನ್ನು ಇಂಗ್ಲಿಷ್ ಕಾನ್ವೆಂಟುಗಳ ಎದುರು ಮಾಡಿದಷ್ಟು ಹುರುಪಿನಿಂದ ತನ್ನದೇ ಆಶ್ರಮ ಶಾಲೆಗಳಲ್ಲಿ ಮಾಡಿದ್ದರೆ ಯಾವ ಕೋರ್ಟೂ ಅಡ್ಡ ಬರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಕಂಪನಿಯ ಸಿಎಸ್ಆರ್ ಲೆಕ್ಕದಲ್ಲಿ ಎಚ್.ಡಿ. ಕೋಟೆ ಕಡೆಯ ಒಂದು ಆಶ್ರಮ ಶಾಲೆಗೆ ಹೋಗಿದ್ದೆವು. ಬೆಳಗಿನ ಜಾವ ಐದಕ್ಕೆ ಟಿನ್ ಫ್ಯಾಕ್ಟರಿ ಸ್ಟಾಪಿನಿಂದ ಬಸ್ಸು. ಇಂಥ ಪ್ರವಾಸಗಳು ಹೇಗಿರ್ತವೆ ಅಂತ ನಿಮಗೆ ಗೊತ್ತೇ ಇದೆ. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಮಕ್ಕಳಿಗೆ ಬ್ಯಾಗು, ಗೋಡೆ ಮೇಲೆ ಆನೆ. ಆನೆ ನೋಡದ ನಾವು, ದಿನಾ ಆನೆ ನೋಡೋ ಮಕ್ಕಳಿಗೆ ಆನೆ ಬರೆದುಕೊಟ್ಟು ಬಂದೆವು. ಅಲ್ಲಿ ಸಿಕ್ಕಿದ ಒಬ್ಬ ಅತಿಥಿ ಶಿಕ್ಷಕಿಯ ಮಾತು ಮಾತ್ರ ನನ್ನ ಜೊತೆಗೆ ಬಂತು. ಕೆ.ಆರ್. ನಗರದ ಕಡೆಯವರು, ಡಿ.ಎಡ್ ಮಾಡಿದವರು, ಅಲ್ಲಿ ಅವರಿಗೆ ಮೂರನೇ ವರ್ಷ.

"ಸರ್, ಮೊದಲನೇ ವರ್ಷ ಈ ಮಕ್ಕಳು ಮಾತೇ ಆಡಲ್ಲ ಅಂದ್ಕೊಂಡಿದ್ದೆ. ಒಂದಿನ ಅಡುಗೆಮನೆ ಕಡೆ ಹೋದ್ರೆ ಅಕ್ಕನ ಹತ್ರ ವಟವಟ ಅಂತ ಮಾತಾಡ್ತಾ ಕೂತಿದಾವೆ. ನನ್ನ ಹತ್ರ ಮಾತ್ರ ಆಡಲ್ಲ ಅಂತ ಆವಾಗ ಗೊತ್ತಾಯ್ತು."

ಅಕ್ಕ ಅಂದರೆ ಅಡುಗೆಯವರು. ಪಕ್ಕದ ಹಾಡಿಯ ಹೆಂಗಸು. ಅವತ್ತಿಂದ ಈ ಮಿಸ್ಸು ಮಧ್ಯಾಹ್ನ ತರಕಾರಿ ಹೆಚ್ಚೋಕೆ ಅಕ್ಕನ ಜೊತೆ ಕೂರೋಕೆ ಶುರುಮಾಡಿದರು. ನೂರು ಪೇಜಿನ ಒಂದು ನೋಟ್‌ಬುಕ್, ಹಳೇ ಕ್ಯಾಲೆಂಡರಿನ ರಟ್ಟು ಹಾಕಿದ್ದು. ಎಡಕ್ಕೆ ಮಕ್ಕಳ ಮಾತು, ಬಲಕ್ಕೆ ಪುಸ್ತಕದ ಮಾತು. ಕೆಲವು ಪದ ಒಂದೇ ಥರ ಇದ್ದು ಅರ್ಥ ಬೇರೆ ಇರೋವಕ್ಕೆ ಕೆಂಪು ಗೆರೆ. "ಇವೇ ಸರ್ ಜಾಸ್ತಿ ಮೋಸ ಮಾಡೋವು, ಗೊತ್ತಿದೆ ಅಂದ್ಕೊಂಡು ಮುಂದೆ ಹೋಗಿಬಿಡ್ತೀವಿ" ಅಂದರು. ಕೂಡೋ ಲೆಕ್ಕಕ್ಕೆ ಪುಸ್ತಕದ ಲೆಕ್ಕ ಬಿಟ್ಟು, ಮಕ್ಕಳ ಮನೆಯವರು ಜೇನು, ಸೀಗೆಕಾಯಿ ಹಾಕೋ ಲ್ಯಾಂಪ್ಸ್ ಸಹಕಾರ ಸಂಘದ ಹಳೇ ರಸೀದಿ ತರಿಸಿಕೊಂಡಿದ್ದರು. ಎಷ್ಟು ಕೆಜಿ, ಎಷ್ಟು ದರ, ಎಷ್ಟು ಕೊಡಬೇಕಿತ್ತು, ಎಷ್ಟು ಕೊಟ್ಟರು. ಮೂರನೇ ಕ್ಲಾಸಿನ ಮಕ್ಕಳು ಬಾಯಲ್ಲೇ ಗುಣಿಸ್ತಿದ್ದವು. ಹೆಜ್ಜೇನು, ತುಡುವೆ, ಕೋಲುಜೇನು ಅಂತ ವಿಂಗಡಿಸಿ ಪರಿಸರದ ಪಾಠ. ಕೊಡಗಿನ ಎಸ್ಟೇಟುಗಳಲ್ಲಿ ಕಾಫಿ ಹಣ್ಣು ಬಿಡಿಸೋ ಕಾಲಕ್ಕೆ ಅಪ್ಪ ಅಮ್ಮನ ಜೊತೆ ಮಕ್ಕಳೂ ಲೈನ್‌ಮನೆಗೆ ಹೋಗ್ತವೆ. ಹಾಜರಿ ಪುಸ್ತಕದಲ್ಲಿ ಅದಕ್ಕೆ 'ದೀರ್ಘ ಗೈರು' ಅಂತ ಬರೀಬೇಕು. ಈ ಮಿಸ್ಸು ಹೋಗೋ ಮುಂಚೆ ಒಂದು ತಿಂಗಳ ಪಾಠ ಮುಂದಕ್ಕೆ ಎಳೆದು ಮುಗಿಸ್ತಿದ್ದರು.

ಇದನ್ನೆಲ್ಲ ಡಿ.ಎಡ್‌ನಲ್ಲಿ ಹೇಳಿಕೊಟ್ಟರಾ ಅಂತ ಕೇಳಿದೆ. ನಕ್ಕರು. ಅಲ್ಲಿ ಮಕ್ಕಳ ಮನಶ್ಶಾಸ್ತ್ರ ಇತ್ತು, ಪಾಠಯೋಜನೆ ಬರೆಯೋದು ಇತ್ತು, ಅಭ್ಯಾಸ ಬೋಧನೆಗೆ ಹೋಗಿದ್ದು ಟೌನಿನ ಶಾಲೆಗೆ. ಹಾಡಿಯ ಶಾಲೆಯೊಂದನ್ನು ಅವರು ಮೊದಲು ಕಂಡಿದ್ದು ಕೆಲಸಕ್ಕೆ ಸೇರಿದ ದಿನ.

ಇಲ್ಲಿ ನನಗೆ ನಮ್ಮ ಕೆಲಸ ನೆನಪಾಗುತ್ತೆ. ಒಬ್ಬ ಹುಡುಗನನ್ನು ಜಪಾನಿನ ಕ್ಲೈಂಟಿನ ಹತ್ತಿರ ಮೂರು ತಿಂಗಳಿಗೆ ಕಳಿಸಬೇಕಾದರೆ ಕಂಪನಿ ಅವನಿಗೆ ಭಾಷೆಯ ಕ್ಲಾಸು ಹಾಕಿಸುತ್ತೆ, ವಿಸಿಟಿಂಗ್ ಕಾರ್ಡು ಎರಡು ಕೈಯಲ್ಲಿ ಕೊಡು ಅಂತ ಹೇಳಿಕೊಡುತ್ತೆ. ಹಳೇ ಪ್ರಾಜೆಕ್ಟ್ ಬಿಟ್ಟುಹೋಗುವವನು ಎರಡು ವಾರ ಕೂತು ಹೊಸಬನಿಗೆ ಕೆಟಿ ಕೊಡದೆ ರಿಲೀವ್ ಆಗೋ ಹಾಗಿಲ್ಲ. ಹಾಡಿಯ ಶಾಲೆಗೆ ಹೋಗೋ ಮೇಷ್ಟ್ರಿಗೆ ಇದರಲ್ಲಿ ಯಾವುದೂ ಇಲ್ಲ. ಆ ಮಿಸ್ಸಿನ ನೋಟ್‌ಬುಕ್ಕು ಇಲಾಖೆಯ ಆಸ್ತಿ ಅಲ್ಲ. ಮಾರ್ಚಿಗೆ ಅವರ ಅವಧಿ ಮುಗಿದು, ಜೂನಿಗೆ ಇನ್ನೊಬ್ಬರು ಬಂದರೆ ಮತ್ತೆ ಅಆಇಈ.

ಹೊರಗಿನವರಿಗೆ ಭಾಷೆ ಬರಲ್ಲ ಅನ್ನೋದನ್ನು ನಾನು ಪೂರ್ತಿ ಒಪ್ಪಲ್ಲ. ನಮ್ಮ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ 500-ಡಿ ಬಸ್ಸಿನ ಒಬ್ಬ ಕಂಡಕ್ಟರ್ ಇದ್ದಾರೆ, ಬಾಗಲಕೋಟೆ ಕಡೆಯವರು ಅಂತ ಮಾತಲ್ಲೇ ಗೊತ್ತಾಗುತ್ತೆ. ಹೂವಿನ ಬುಟ್ಟಿಯ ಅಜ್ಜಿಗೆ "ಉಳ್ಳ ಪೋಂಗಮ್ಮಾ", ಕೋಲಾರದ ಬಸ್ಸಿಂದ ಇಳಿದು ಹತ್ತಿದವರಿಗೆ "ಚಿಲ್ಲರ ಇವ್ವಂಡಿ", ಸೆಕ್ಯುರಿಟಿ ಹುಡುಗರಿಗೆ "ಆಗೇ ಬಢೋ". ಇದನ್ನು ಅವರು ಯಾವ ತರಬೇತಿಯಲ್ಲೂ ಕಲಿತಿಲ್ಲ. ಟಿಕೆಟ್ ಹರಿಯಬೇಕು ಅಂದರೆ ಎದುರಿನವನಿಗೆ ಅರ್ಥವಾಗಬೇಕು, ಅದಕ್ಕೆ ಕಲಿತರು. ಎದುರಿನ ಮಗುವಿಗೆ ಅರ್ಥವಾಗದಿದ್ದರೂ ತಿಂಗಳ ಕೊನೆಗೆ ಎಲ್ಲ ಸರಿಯಾಗಿಯೇ ನಡೆಯುತ್ತೆ ಅನ್ನೋ ಏರ್ಪಾಡಿನಲ್ಲಿ ಒಬ್ಬಿಬ್ಬರು ಪುಣ್ಯಾತ್ಮರು ಮಾತ್ರ ಕಲೀತಾರೆ. ಪುಣ್ಯಾತ್ಮರನ್ನು ನಂಬಿಕೊಂಡು ಇಲಾಖೆ ನಡೆಸೋಕಾಗಲ್ಲ.

ನನ್ನ ರೂಮ್‌ಮೇಟ್ ಆ ಪ್ರಶ್ನೆ ಸುಮ್ಮನೆ ಕೇಳಿರಲಿಲ್ಲ. 2017ರಲ್ಲಿ ಕೇರಳ ಸರ್ಕಾರ ವಯನಾಡಿನಲ್ಲಿ 'ಗೋತ್ರಬಂಧು' ಅಂತ ಒಂದು ಯೋಜನೆ ಶುರುಮಾಡಿತು. ಪಣಿಯ, ಅಡಿಯ, ಕಾಟ್ಟುನಾಯ್ಕ ಮುಂತಾದ ಸಮುದಾಯಗಳಲ್ಲಿ ಟಿಟಿಸಿ, ಬಿ.ಎಡ್ ಮಾಡಿ ಕೆಲಸವಿಲ್ಲದೆ ಇದ್ದ ಇನ್ನೂರಕ್ಕೂ ಹೆಚ್ಚು ಹುಡುಗ ಹುಡುಗಿಯರನ್ನು ಪ್ರಾಥಮಿಕ ಶಾಲೆಗಳಿಗೆ ಮೆಂಟರ್ ಟೀಚರ್ ಅಂತ ನೇಮಿಸಿತು. ಮಗುವಿನ ಮಾತು ಬಲ್ಲ ಒಬ್ಬರು ಕ್ಲಾಸಿನಲ್ಲಿ ಇರಬೇಕು, ಶಾಲೆಗೂ ಊರಿಗೂ ನಡುವೆ ಓಡಾಡಬೇಕು. ಇವನಮ್ಮನ ಶಾಲೆಗೂ ಒಬ್ಬಳು ಬಂದಳಂತೆ. "ಅಮ್ಮ ಇಪ್ಪತ್ತು ವರ್ಷದಲ್ಲಿ ಕಲೀದೇ ಇರೋದನ್ನ ಅವಳ ಹತ್ರ ಆರು ತಿಂಗಳಲ್ಲಿ ಕಲಿತ್ರು" ಅಂತ ಇವನ ಮಾತು. ಯೋಜನೆಗೆ ಹುಳುಕಿಲ್ಲ ಅಂತಲ್ಲ. ಅದು ಖಾಯಂ ಕೆಲಸ ಅಲ್ಲ, ದಿನಗೂಲಿ ಲೆಕ್ಕದ್ದು. ಮೇಷ್ಟ್ರು ಒಬ್ಬರು, ಅವರ ಪಕ್ಕದಲ್ಲಿ ಭಾಷಾಂತರಕ್ಕೆ ಒಬ್ಬರು ಅಂತ ಆಗಿಬಿಟ್ಟರೆ ಮಗು ಅದರಿಂದ ಕಲಿಯೋ ಪಾಠವೇ ಬೇರೆ: ನಮ್ಮ ಮಾತಾಡೋರು ಯಾವಾಗಲೂ ಚಿಕ್ಕ ಕುರ್ಚಿಯಲ್ಲಿ ಕೂರೋರು. ಆದರೂ ನಮ್ಮ ಸಿನಿಮಾದ ಖಳನಾಯಕ ರಾಜ್ಯ, ನಮ್ಮ ಗಡಿಯಿಂದ ಒಂದು ಗಂಟೆ ದಾರಿಯಲ್ಲಿ, ನಾವು ಮಾಡದೇ ಇರೋದನ್ನು ಮಾಡಿದೆ. ಕೋಟೆಯಿಂದ ಬಾವಲಿ ಚೆಕ್‌ಪೋಸ್ಟ್ ದಾಟಿದರೆ ಆ ಶಾಲೆ.

ಒಡಿಶಾ ಇದಕ್ಕಿಂತ ಮುಂಚೆ ಹೊರಟಿತು. 2006-07ರ ಹೊತ್ತಿಗೆ ಸಂತಾಲಿ, ಸವರ, ಕುಯಿ, ಕೋಯಾ ಸೇರಿ ಹತ್ತು ಬುಡಕಟ್ಟು ಭಾಷೆಗಳಲ್ಲಿ ಒಂದನೇ ತರಗತಿ ಶುರುಮಾಡಿ, ಪುಸ್ತಕವನ್ನು ಆಯಾ ಸಮುದಾಯದವರ ಕೈಲೇ ಬರೆಸಿ, ಮೇಷ್ಟ್ರುಗಳನ್ನೂ ಅಲ್ಲಿಂದಲೇ ತೆಗೆದುಕೊಂಡರು. ಕೆನಡಾದ ವ್ಯಾಂಕೂವರಿನಲ್ಲಿರೋ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ 1974ರಿಂದ ಮೂಲನಿವಾಸಿ ಯುವಕರನ್ನು ಶಿಕ್ಷಕರಾಗಿ ತಯಾರು ಮಾಡುವ ಕೋರ್ಸು ನಡೆಸ್ತಾ ಇದೆ. ಅದರಲ್ಲಿ ನನಗೆ ಹಿಡಿಸಿದ್ದು ಒಂದು ಅಂಶ: ಮೊದಲ ವರ್ಷಗಳ ಓದು ಅವರ ಊರುಗಳ ಹತ್ತಿರದ ಕೇಂದ್ರಗಳಲ್ಲೇ ನಡೆಯುತ್ತೆ, ವಿಶ್ವವಿದ್ಯಾಲಯವೇ ಅವರ ಬಾಗಿಲಿಗೆ ಬರುತ್ತೆ. ಆಸ್ಟ್ರೇಲಿಯಾ ಬೇರೆ ದಾರಿ ಹಿಡಿಯಿತು. 2011ರಲ್ಲಿ ಇಡೀ ದೇಶದ ಶಿಕ್ಷಕರಿಗೆ ಅಂತ ಮಾಡಿದ ಮಾನದಂಡಗಳಲ್ಲಿ 1.4 ಮತ್ತು 2.4 ಅನ್ನೋ ಎರಡು ಅಂಶ ಮೂಲನಿವಾಸಿಗಳಿಗೆ ಸಂಬಂಧಿಸಿದ್ದು. ಆ ಮಕ್ಕಳಿಗೆ ಹೇಗೆ ಕಲಿಸಬೇಕು, ಅವರ ಚರಿತ್ರೆ ಸಂಸ್ಕೃತಿ ಏನು ಅಂತ ಸಿಡ್ನಿಯ ಮಧ್ಯದಲ್ಲಿ ಪಾಠ ಮಾಡೋ ಮೇಷ್ಟ್ರೂ ತೋರಿಸಿಕೊಡಬೇಕು. ಕಾಗದದ ಮೇಲೆ ಇದ್ದದ್ದೆಲ್ಲ ತರಗತಿಯಲ್ಲಿ ಇರುತ್ತೆ ಅಂತ ನಾನು ಹೇಳ್ತಿಲ್ಲ. ಆದರೆ ನಮ್ಮಲ್ಲಿ ಕಾಗದದ ಮೇಲೂ ಇಲ್ಲ. 'ಅಜಲು' ಪದ್ಧತಿ ನಿಷೇಧಿಸಿ ನಮ್ಮ ರಾಜ್ಯ 2000ದಲ್ಲಿ ಕಾಯ್ದೆ ಮಾಡಿದೆ. ಕೊರಗರ ಮಕ್ಕಳಿಗೆ ಪಾಠ ಮಾಡೋ ಮೇಷ್ಟ್ರಿಗೆ ಅಜಲು ಅಂದರೆ ಏನು, ಆ ಮಗುವಿನ ಅಜ್ಜನಿಗೆ ಊರು ಏನು ಮಾಡಿತ್ತು ಅಂತ ಗೊತ್ತಿರಬೇಕೋ ಬೇಡವೋ?

ನಮ್ಮಲ್ಲಿ ಜ್ಞಾನ ಇಲ್ಲ ಅಂತ ಹೇಳೋ ಹಾಗೂ ಇಲ್ಲ. ಭಾರತದ ಬುಡಕಟ್ಟು ಭಾಷೆಗಳಿಗೆ ವ್ಯಾಕರಣ, ಪಠ್ಯ ಬರೆಸೋ ಕೇಂದ್ರ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನ, 1969ರಿಂದ ಇರೋದು ಮೈಸೂರಿನಲ್ಲಿ. ಹುಣಸೂರಿನ ಬಸ್ಸು ಹತ್ತಿದರೆ ಒಂದು ಗಂಟೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆ ಇದೆ. ಎಚ್.ಡಿ. ಕೋಟೆಯ ಹೊಸಹಳ್ಳಿಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸೋ ಗಿರಿಜನ ಶಾಲೆ ಇದೆ. ಸೋಲಿಗರಲ್ಲೇ ಪಿಎಚ್‌ಡಿ ಮಾಡಿದ ಡಾ. ಸಿ. ಮಾದೇಗೌಡರಂಥವರಿದ್ದಾರೆ. ಮೂರು ನಾಲ್ಕು ದಶಕಗಳ ಈ ಅನುಭವವನ್ನು ಪಕ್ಕದ ಜಿಲ್ಲೆಯ ಡಿ.ಎಡ್ ಕಾಲೇಜಿಗೆ ತರೋ ದಾರಿಯನ್ನು ಮಾತ್ರ ಯಾರೂ ಹಾಕಿಲ್ಲ.

ಏಕಲವ್ಯ ಶಾಲೆಗಳ ಕಥೆ ಕೇಳಿದರೆ ನಮ್ಮವರಿಗೆ ರೋಷ ಬರುತ್ತೆ, ಬರಲೇಬೇಕು. 2023ರ ಕೇಂದ್ರ ಬಜೆಟ್‌ನಲ್ಲಿ ಬುಡಕಟ್ಟು ಮಕ್ಕಳ 740 ಏಕಲವ್ಯ ವಸತಿ ಶಾಲೆಗಳಿಗೆ 38,800 ಶಿಕ್ಷಕರು, ಸಿಬ್ಬಂದಿಯನ್ನು ತೆಗೆದುಕೊಳ್ಳೋದಾಗಿ ಘೋಷಿಸಿದರು. ನೇಮಕ ಕೇಂದ್ರದಿಂದ, ಪರೀಕ್ಷೆಯಲ್ಲಿ ಹಿಂದಿ ಪಾಸಾಗಲೇಬೇಕು. ಉತ್ತರದ ರಾಜ್ಯಗಳಿಂದ ಆಯ್ಕೆಯಾದವರು ದಕ್ಷಿಣದ ಶಾಲೆಗಳಿಗೆ ಬಂದು ಕೂತರು. ಮಕ್ಕಳಿಗೆ ಅವರು ಅರ್ಥವಾಗಲ್ಲ, ಅವರಿಗೆ ಊರು ಹಿಡಿಸಲ್ಲ, ವರ್ಗಾವಣೆಗೆ ಅರ್ಜಿ. ನಮ್ಮ ಟ್ವಿಟರ್ ವೀರರು ಇದನ್ನು ಹಿಂದಿ ಹೇರಿಕೆ ಅಂತ ಹಿಡಿದರು, ಸರಿಯಾಗಿಯೇ ಹಿಡಿದರು. ಆದರೆ ಅದೇ ಶಾಲೆಯ ಸೋಲಿಗರ ಮಗುವಿನ ಕಡೆಯಿಂದ ಒಂದು ಸಲ ನೋಡಿ. ಹರಿಯಾಣದ ಮೇಷ್ಟ್ರು ಹೋಗಿ ಹಾಸನದ ಮೇಷ್ಟ್ರು ಬಂದರೆ ದೂರ ಕಡಿಮೆಯಾಯಿತು, ನಿಜ. ಸಮಸ್ಯೆ ಮುಗಿಯಿತಾ?

ಇಷ್ಟು ಹೇಳಿದಾಗ ಆಫೀಸಿನ ಗೆಳೆಯನೊಬ್ಬ ಕೇಳಿದ ಪ್ರಶ್ನೆ ನ್ಯಾಯವಾದದ್ದೇ. "ಹಾಡಿಯವರೇ ಮಕ್ಕಳಿಗೆ ಇಂಗ್ಲಿಷ್ ಬೇಕು ಅಂತಿರುವಾಗ ನೀನ್ಯಾಕೆ ಅವರನ್ನ ಅವರ ಭಾಷೆಗೆ ಕಟ್ಟಿಹಾಕ್ತೀಯ?" ಹಾಡಿಗಳಲ್ಲಿ ಇಂಗ್ಲಿಷ್ ಬೇಕು ಅನ್ನೋದು ನಿಜ. ಬೇಡ ಅನ್ನೋಕೆ ಇಂಗ್ಲಿಷಿನಲ್ಲೇ ಅನ್ನ ತಿನ್ನುವ ನಾನ್ಯಾರು? ಆ ಭಾಷೆಯಲ್ಲಿ ಹತ್ತನೇ ಕ್ಲಾಸಿನವರೆಗೆ ಓದಿಸಿ ಅಂತ ಅಲ್ಲ ನನ್ನ ವಾದ. ಆರು ವರ್ಷದ ಮಗು ಮೊದಲ ದಿನ ಬಾಗಿಲಲ್ಲಿ ನಿಂತು ಏನಾದರೂ ಹೇಳಿದರೆ ಒಳಗಿರೋರಿಗೆ ಅರ್ಥವಾಗಬೇಕು. ಅಲ್ಲಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಕೈ ಹಿಡಿದು ದಾಟಿಸಬೇಕು. ದಾಟಿಸೋದೇ ಒಂದು ವಿದ್ಯೆ, ಅದನ್ನು ಕಲಿಸಬಹುದು, ಕಲಿಯಬಹುದು. ಡಿ.ಎಡ್ ಓದುವ ಒಬ್ಬ ಹುಡುಗಿ ತನ್ನ ಅಭ್ಯಾಸ ಬೋಧನೆಯ ಮೂರು ತಿಂಗಳನ್ನು ಹಾಡಿಯ ಶಾಲೆಯಲ್ಲಿ ಕಳೆಯಲಿ. ಅಡುಗೆಯ ಅಕ್ಕನಿಗೆ, ಜೇನು ಕೀಳುವ ಅಜ್ಜನಿಗೆ ಸಂಪನ್ಮೂಲ ವ್ಯಕ್ತಿ ಅಂತ ಗೌರವಧನ ಕೊಡಲಿ. ಇಲಾಖೆಯ ಯಾವ ಸೆಮಿನಾರಿಗೂ ಕೊಡ್ತಾರಲ್ಲ, ಅಷ್ಟೇ. ಪಿಯುಸಿ ಮುಗಿಸಿ ಎಸ್ಟೇಟ್ ಕೂಲಿಗೆ ಹೋಗ್ತಿರೋ ಹಾಡಿಯ ಹುಡುಗಿಗೆ ಡಿ.ಎಡ್ ಸೀಟು, ಹಾಸ್ಟೆಲ್ಲು, ಕೊನೆಗೆ ಪೂರ್ತಿ ಸಂಬಳದ ಖಾಯಂ ಹುದ್ದೆ. ಮೆಂಟರ್ ಅಲ್ಲ, ಸಹಾಯಕಿ ಅಲ್ಲ, ಮಿಸ್ಸು. ಆ ನೋಟ್‌ಬುಕ್ಕನ್ನು ಮಾರ್ಚ್ ತಿಂಗಳು ಮುಗಿಯೋದರೊಳಗೆ ಜೆರಾಕ್ಸ್ ಮಾಡಿಸಿಕೊಳ್ಳೋಕೆ ಯಾವ ನೀತಿಯೂ ಬೇಕಾಗಿಲ್ಲ.

ಸಿನಿಮಾದ ಕೊನೆಯಲ್ಲಿ ಶಾಲೆ ಉಳಿಯುತ್ತೆ. ಮಕ್ಕಳು ಕುಣೀತಾರೆ, ನಾವು ಎದ್ದು ಪಾರ್ಕಿಂಗ್ ಕಡೆ ಹೋಗ್ತೀವಿ. ಕೇಸು ಗೆದ್ದ ಮೇಲಿನ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಯಾರು ಚಾಕ್‌ಪೀಸ್ ಹಿಡಿದು ಒಳಗೆ ಬಂದರು, ಬೋರ್ಡಿನ ಮೇಲೆ ಏನು ಬರೆದರು, ಕೊನೇ ಸಾಲಲ್ಲಿ ಕೂತಿದ್ದವನು ಯಾವ ಮನೆಯಿಂದ ಬಂದಿದ್ದ ಅಂತ ತೋರಿಸೋ ಇನ್ನೊಂದು ಸಿನಿಮಾವನ್ನು ಯಾರಾದರೂ ತೆಗೆದರೆ, ಟಿಕೆಟ್ ನಾನೇ ಬುಕ್ ಮಾಡ್ತೀನಿ. ರೂಮ್‌ಮೇಟ್‌ಗೂ ಸೇರಿಸಿ.